ಎಸ್ತೇರ್ ನನ್ನ ಪ್ರಾರ್ಥನೆಯನ್ನು ನಿಲ್ಲಿಸಿದ ದಿನ

ಕಳೆದ ವರ್ಷ ಜುಲೈ ತಿಂಗಳ ಮೂರನೆಯ ಶುಕ್ರವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರಿಗೆ ಕಟ್ಟಿದ ಸಾಲುಮನೆಗಳಲ್ಲೊಂದಾದ ನಮ್ಮ ಲೈನ್ ಮನೆ. ಅಲ್ಲಿದ್ದವರು ಮೂವರು: ಮಂಚದ ಮೇಲೆ ನನ್ನ ಹೆಂಡತಿ ಎಸ್ತೇರ್, ಮಂಚದ ಪಕ್ಕದಲ್ಲಿ ಮೊಣಕಾಲೂರಿದ್ದ ನಾನು, ಬಾಗಿಲಲ್ಲಿ ಹಾಲಿನ ಕ್ಯಾನ್ ಹಿಡಿದು ನಿಂತಿದ್ದ ವೆಂಕಟಮ್ಮ. ವೆಂಕಟಮ್ಮ ಬಂಗಾರಪೇಟೆ ಕಡೆಯ ಹಳ್ಳಿಯವಳು, ಹನ್ನೆರಡು ವರ್ಷಗಳಿಂದ ನಮಗೆ ಹಾಲು ಹಾಕುತ್ತಾಳೆ. ನಮ್ಮ ಸಭೆಯವಳಲ್ಲ. ಆದರೂ ಕರ್ತನು ಅಂದು ಮಾಡಿದ್ದನ್ನು ನಮ್ಮಿಬ್ಬರನ್ನು ಬಿಟ್ಟರೆ ಕಣ್ಣಾರೆ ಕಂಡವಳು ಅವಳೊಬ್ಬಳೇ. ಸಂದೇಹವಿರುವ ಸಹೋದರ ಸಹೋದರಿಯರು ಅವಳನ್ನೇ ಕೇಳಬಹುದು. ನನಗಿಂತ ಚೆನ್ನಾಗಿ, ನನ್ನನ್ನು ಒಂದಿಷ್ಟು ಬೈದೇ ಹೇಳುತ್ತಾಳೆ.

ಮೊದಲು ಕಷ್ಟವನ್ನು ಹೇಳುತ್ತೇನೆ. ಅದಕ್ಕೆ ಎಂಟು ತಿಂಗಳ ಹಿಂದೆ, ನವೆಂಬರ್‌ನಲ್ಲಿ, ಎಸ್ತೇರ್ ಒಲೆಯ ಮುಂದೆ ನಿಂತಿದ್ದವಳು ಕುಸಿದು ಬಿದ್ದಳು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ನಿಂತಿತು. ಕೋಲಾರದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದೆವು. ಮನೆಗೆ ಕಳುಹಿಸುವಾಗ ಡಾಕ್ಟರು, "ಮಾತು ಬರೋದು ಕಷ್ಟ ತಾತಾ. ಆದ್ರೆ ನೀವು ಅವರ ಜೊತೆ ಮಾತಾಡ್ತಾ ಇರಿ, ಅವರಿಗೆ ಅರ್ಥ ಆಗುತ್ತೆ" ಎಂದರು. ಅದರಲ್ಲಿ ಮೊದಲ ಮಾತು ಮಾತ್ರ ನನ್ನ ತಲೆಗೆ ಹೋಯಿತು. ಉಳಿದದ್ದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ. ತಪ್ಪು ಡಾಕ್ಟರದಲ್ಲ, ನನ್ನದು.

ನಮಗೆ ಮಕ್ಕಳಿಲ್ಲ. ಆರೈಕೆಯನ್ನು ನಾನೇ ವಹಿಸಿಕೊಂಡೆ. ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಐದಕ್ಕೆ ಬಿಸಿನೀರು, ಐದೂವರೆಗೆ ಮೈ ಒರೆಸುವುದು, ಆರು ಹತ್ತಕ್ಕೆ ಪ್ರಾರ್ಥನೆ, ಆರೂವರೆಗೆ ಗಂಜಿ, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು. ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಎಂಟು ತಿಂಗಳಲ್ಲಿ ಅವಳ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಈ ಶಿಸ್ತು ನನ್ನ ಕೆಲಸದಿಂದ ಬಂದದ್ದು. ಗಣಿ ಮುಚ್ಚುವವರೆಗೆ ನಾನು ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದೆ. ಕಬ್ಬಿಣದ ಕೇಜಿನಲ್ಲಿ ನಿಂತ ಕೆಲಸಗಾರರನ್ನು ಉಕ್ಕಿನ ಹಗ್ಗದಿಂದ ಶಾಫ್ಟಿನ, ಅಂದರೆ ಗಣಿಬಾವಿಯ, ಆಳಕ್ಕೆ ಇಳಿಸಿ, ಪಾಳಿ ಮುಗಿದ ಮೇಲೆ ಎತ್ತುವ ಯಂತ್ರ ಅದು. ಡ್ರೈವರನಿಗೆ ಕೇಜು ಕಾಣುವುದಿಲ್ಲ. ಎಂಜಿನ್ ಮನೆಯೊಳಗೆ ಕುಳಿತವನಿಗೆ ಗೊತ್ತಾಗುವುದು ಗಂಟೆಯ ಸದ್ದು ಮಾತ್ರ. ಓಡುತ್ತಿರುವಾಗ ಒಂದು ಗಂಟೆ ಬಿದ್ದರೆ ನಿಲ್ಲಿಸು. ಎರಡು ಬಿದ್ದರೆ ಇಳಿಸು. ಮೂರು ಬಿದ್ದರೆ ಒಳಗೆ ಮನುಷ್ಯರಿದ್ದಾರೆ, ಜೋಕೆ. ಅದರಲ್ಲೂ ಒಂದು ಗಂಟೆಯ ನಿಯಮ ಕಟ್ಟುನಿಟ್ಟು. ಯಾರು ಬಾರಿಸಿದರು, ಯಾಕೆ ಬಾರಿಸಿದರು ಎಂದು ಕೇಳುವುದೆಲ್ಲ ಆಮೇಲೆ, ಮೊದಲು ನಿಲ್ಲಿಸಬೇಕು. ಶಾಫ್ಟಿನ ಬಾಯಲ್ಲಿ ನಿಂತು ನನಗೆ ಆ ಗಂಟೆ ಕೊಡುತ್ತಿದ್ದವರು ಎಸ್ತೇರಳ ತಂದೆ. ನನ್ನನ್ನು ಅಳಿಯನಾಗಿ ಆರಿಸಿಕೊಂಡದ್ದೇ ನನ್ನ ಬ್ರೇಕು ನೋಡಿ ಎಂದು ಅವರು ಮದುವೆಯಲ್ಲಿ ಎಲ್ಲರೆದುರು ಹೇಳಿದ್ದರು. ಎಸ್ತೇರ್ ಅಕ್ಷರ ಕಲಿಯುವ ಮೊದಲೇ ಆ ಎಣಿಕೆ ಕಲಿತವಳು.

ಪ್ರಾರ್ಥನೆಯನ್ನೂ ನಾನು ಪಾಳಿಯ ಕೆಲಸದಂತೆಯೇ ಮಾಡುತ್ತಿದ್ದೆ. ಆರು ಹತ್ತಕ್ಕೆ ಶುರು, ಆರು ಇಪ್ಪತ್ತೈದಕ್ಕೆ ಮುಕ್ತಾಯ, ಗಟ್ಟಿ ದನಿಯಲ್ಲಿ. ಆರು ತಿಂಗಳು ಒಂದೇ ಬೇಡಿಕೆ: ಈಕೆಗೆ ಮಾತು ಕೊಡು. ಮಾತು ಬರಲಿಲ್ಲ. ನನ್ನ ಸೊಂಟ ಸೋತಿತು, ನಿದ್ದೆ ಕೆಟ್ಟಿತು. ಮೇ ತಿಂಗಳ ಕೊನೆಯ ಭಾನುವಾರ ನಾನು ಬೇಡಿಕೆಯನ್ನು ಬದಲಾಯಿಸಿದೆ. "ಕರ್ತನೇ, ಈಕೆ ಪಡುವ ಪಾಡು ಸಾಕು. ನಿನ್ನ ಬಳಿಗೆ ಕರೆದುಕೋ" ಎಂದು ಕೇಳತೊಡಗಿದೆ. ಅವಳ ಕಿವಿಯಿಂದ ಎರಡಡಿ ದೂರದಲ್ಲಿ, ಗಟ್ಟಿಯಾಗಿ, ದಿನವೂ.

ಜೂನ್ ಮೊದಲ ವಾರ ಅವಳು ಗಂಜಿ ಬೇಡವೆಂದು ಬಾಯಿ ಮುಚ್ಚಿದಳು. ಮೊದಲು ಬೆಳಗಿನದು, ಆಮೇಲೆ ರಾತ್ರಿಯದು. ಪರೀಕ್ಷಿಸಲು ಮನೆಗೆ ಬಂದ ನರ್ಸಮ್ಮ, ನುಂಗುವುದಕ್ಕೆ ಏನೂ ತೊಂದರೆ ಇಲ್ಲ ಎಂದರು. ಜುಲೈ ಹೊತ್ತಿಗೆ ಅವಳ ಕೆನ್ನೆ ಒಳಗೆ ಹೋಗಿತ್ತು. ಬಂಗಾರಪೇಟೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಒಂದು ಮನೆಯಿದೆ. ಮೂಗಿನಲ್ಲಿ ನಳಿಗೆ ಹಾಕಿ ಆಹಾರ ಕೊಡುತ್ತೇವೆ, ಕರೆತನ್ನಿ ಎಂದು ಅಲ್ಲಿಯವರು ಹೇಳಿದರು. ಆ ಶುಕ್ರವಾರ ಹನ್ನೊಂದು ಗಂಟೆಗೆ ಕಾರು ಗೊತ್ತುಮಾಡಿದೆ. ಎಸ್ತೇರಳಿಗೆ ಹೇಳಲಿಲ್ಲ. ಹೇಳಿದರೂ ಅವಳಿಗೇನು ತಿಳಿಯುತ್ತದೆ ಎಂದುಕೊಂಡಿದ್ದೆ. ದೇವರಿಗೆ ಮಾತ್ರ ಆ ಬೆಳಿಗ್ಗೆ ಹೇಳಿದೆ.

"ಕರ್ತನೇ, ಇವತ್ತು ಹನ್ನೊಂದಕ್ಕೆ ಕಾರು ಬರುತ್ತದೆ..." ಎಂದು ಆರಂಭಿಸಿದ್ದೆ. ಬಾಗಿಲಿನಿಂದ ವೆಂಕಟಮ್ಮನ ದನಿ ಬಂತು.

"ಯಣ್ಣಾ, ಒಸಿ ಮೆತ್ತಗೆ. ಬೀದಿ ಕೊನೆಗಂಟ ಕೇಳಿಸ್ತೈತೆ. ನಿಮ್ ಯೇಸಪ್ಪನ್ಗೆ ಕಿವಿ ಮಂದಾನಾ?"

"ಇರು ವೆಂಕಟಮ್ಮ, ಪ್ರಾರ್ಥನೆ ನಡೀತಾ ಇದೆ."

"ನಡೀಲಿ ನಡೀಲಿ. ನನ್ ಆಲು ಒಡೆದೋದ್ರೆ ನಿಮ್ ದೇವ್ರೇ ಜವಾಬ್ದಾರಿ."

ನಾನು ಕಣ್ಣು ಮುಚ್ಚಿ ಮುಂದುವರಿಸಿದೆ. "ಅಲ್ಲಿಯೂ ಈಕೆ ಊಟ ಮಾಡದಿದ್ದರೆ ಹೆಚ್ಚು ನೋಯಿಸಬೇಡ. ಬೇಗ ನಿನ್ನ ಬಳಿಗೆ..."

ಠಣ್.

ನನ್ನ ಬಾಯಿ ಮುಚ್ಚಿತು. ಬಲಗೈ ತಾನಾಗಿ ಹಿಂದಕ್ಕೆ ಸೆಳೆಯಿತು, ಅಲ್ಲಿ ಬ್ರೇಕಿನ ಹಿಡಿ ಇದ್ದ ಹಾಗೆ. ಯೋಚಿಸಿ ನಿಲ್ಲಿಸಿದ್ದಲ್ಲ, ಇಪ್ಪತ್ತಾರು ವರ್ಷದ ಅಭ್ಯಾಸ ನಿಲ್ಲಿಸಿತು. ಕಣ್ಣು ತೆರೆದೆ. ಎಸ್ತೇರಳ ಎಡಗೈಯಲ್ಲಿ ಸ್ಟೀಲ್ ಲೋಟವಿತ್ತು. ಸ್ಟೂಲಿನ ಮೇಲಿದ್ದದ್ದನ್ನು ಎತ್ತಿ ಮಂಚದ ಕಬ್ಬಿಣದ ಕಂಬಿಗೆ ತಟ್ಟಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ನಿಂತದ್ದು ಖಚಿತವಾದ ಮೇಲೆ ಮತ್ತೆ ತಟ್ಟಿದಳು. ನಿಧಾನವಾಗಿ, ಸಮನಾದ ಅಂತರದಲ್ಲಿ, ಅವಳ ತಂದೆ ಕೊಡುತ್ತಿದ್ದ ರೀತಿಯಲ್ಲೇ.

ಠಣ್. ಠಣ್. ಠಣ್.

ಒಳಗೆ ಮನುಷ್ಯರಿದ್ದಾರೆ.

"ಯಣ್ಣಾ, ಯಾಕಂಗೆ ಕಲ್ಲಾಗೋದೆ? ಅಕ್ಕ ಏನೋ ಯೋಳ್ತಾವ್ಳೆ ನೋಡು" ಎಂದು ವೆಂಕಟಮ್ಮ ಒಳಗೆ ಬಂದಳು.

"ಹೇಳಿ ಆಯ್ತು" ಎಂದೆ.

"ಏನಂದ್ಳು?"

ಮಂಚದ ಅಂಚು ಹಿಡಿದು ಎಸ್ತೇರಳನ್ನು ಕೇಳಿದೆ: "ನಾನು ಹೇಳಿದ್ದೆಲ್ಲ ನಿಂಗೆ ಕೇಳಿಸ್ತಿತ್ತಾ?"

ಮೂರು.

"ಮೊದಲಿಂದಲೂ?"

ಮೂರು. ಹೌದು ಎನ್ನುವುದಕ್ಕೆ ಅವಳು ಮೂರನ್ನೇ ಇಟ್ಟುಕೊಂಡಳು, ಬೇಡ ಎನ್ನುವುದಕ್ಕೆ ಒಂದು. ನಾವು ಮಾತಾಡಿ ಗೊತ್ತುಮಾಡಿದ್ದಲ್ಲ.

"ನಂಗೆ ನೀನು ಬೇಡ ಅಂದುಕೊಂಡು ಊಟ ಬಿಟ್ಟೆಯಾ?"

ಮೂರು. ಕೊನೆಯದು ಸರಿಯಾಗಿ ತಾಗಲಿಲ್ಲ.

ನೋಟ್‌ಬುಕ್ ತೆಗೆದು ನೋಡಿದೆ. ನನ್ನದೇ ಅಕ್ಷರ. ಮೇ ಕೊನೆಯ ಭಾನುವಾರದ ಎದುರಿಗೆ ಹೊಸ ಬೇಡಿಕೆ ಎಂದಿತ್ತು. ಅದರ ಮುಂದಿನ ವಾರದಲ್ಲೇ, ಬೆಳಗಿನ ಗಂಜಿ ನಿರಾಕರಣೆ. ಎರಡನ್ನೂ ನಾನೇ ಬರೆದು, ನಡುವಿನ ಸಂಬಂಧವನ್ನು ಕಾಣದೆ ಹಾಳೆ ಮಗುಚುತ್ತ ಹೋಗಿದ್ದೆ. "ಕ್ಷಮಿಸ್ತೀಯಾ?" ಎಂದು ಕೇಳಿದೆ. ಎಸ್ತೇರ್ ಲೋಟವನ್ನು ಹಾಸಿಗೆಯ ಮೇಲಿಟ್ಟು ಮುಖ ತಿರುಗಿಸಿದಳು.

ವೆಂಕಟಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಕ್ಷಮೆ ಗಿಮೆ ಆಮೇಕೆ ಕೇಳ್ಕೊ. ಮೊದ್ಲು ಕಾಫಿ ಬೇಕಾ ಕೇಳು. ಎಂಟ್ ತಿಂಗ್ಳು ಬರೀ ಗಂಜಿ ಉಯ್ದವ್ನೆ ಮಾರಾಯ" ಎಂದಳು.

"ಕಾಫಿ ಬೇಕಾ?" ಎಂದೆ.

ಎಸ್ತೇರ್ ಈ ಕಡೆ ತಿರುಗಿ, ಲೋಟ ಹುಡುಕಿ, ಎಷ್ಟು ಬೇಗ ಬೇಗ ತಟ್ಟಿದಳೆಂದರೆ ಎಣಿಕೆಯೇ ತಪ್ಪಿತು. ವೆಂಕಟಮ್ಮ ಒಲೆ ಹಚ್ಚಿದಳು. ಎಸ್ತೇರ್ ಒಂದು ಲೋಟ ಕಾಫಿಯನ್ನು ಚಮಚೆ ಚಮಚೆಯಾಗಿ ಕುಡಿದು ಮುಗಿಸಿದಳು. ಅದರ ಬೆನ್ನಿಗೆ ನೆನೆಸಿದ ಎರಡು ಬ್ರೆಡ್ಡಿನ ಚೂರು ತಿಂದಳು. ಏಳು ಐದಕ್ಕೆ ಫೋನ್ ಮಾಡಿ ಕಾರು ಬೇಡವೆಂದೆ. ಬಂಗಾರಪೇಟೆಗೂ ತಿಳಿಸಿದೆ.

ಪ್ರಿಯರೇ, ನಾನು ಬೇಡಿದ್ದು ಅವಳ ಬಾಯಿಗೆ ಮಾತು. ಇಂದಿಗೂ ಅವಳಿಗೆ ಮಾತು ಬಂದಿಲ್ಲ. ಬಂದಿತೆಂದು ಬರೆದರೆ ಸುಳ್ಳು ಸಾಕ್ಷಿಯಾಗುತ್ತದೆ. ಆದರೆ ನನ್ನ ಪ್ರಾರ್ಥನೆಗೆ ಉತ್ತರ ಬರಲಿಲ್ಲ ಎಂದು ಹೇಳಲಾರೆ. ಆರು ತಿಂಗಳು ನಾನು ದೇವರ ಕಡೆಗೆ ಗಂಟೆ ಬಾರಿಸುತ್ತಲೇ ಇದ್ದೆ. ಆತನು ನನಗೆ ಗಂಟೆ ಕೊಡಬಹುದು, ಅದೂ ಮಂಚದ ಮೇಲೆ ಬಿದ್ದಿರುವವಳ ಕೈಯಿಂದ ಕೊಡಿಸಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ನನಗೆ ತಿಳಿದ ಒಂದೇ ಭಾಷೆಯಲ್ಲಿ, ನಾನು ವಾದಿಸದೆ ಪಾಲಿಸುವ ಒಂದೇ ಆಜ್ಞೆಯಿಂದ ಆತನು ನನ್ನನ್ನು ತಡೆದನು.

ಮತ್ತೆ ಆ ದಿನಕ್ಕೆ ಬರುತ್ತೇನೆ. ಕಾಫಿ ಲೋಟ ತೊಳೆದಿಟ್ಟ ವೆಂಕಟಮ್ಮ ಹೊರಡಲಿಲ್ಲ. "ನಮ್ ಅತ್ತೆನೂ ಇಂಗೇ ಲಕ್ವ ಒಡ್ದು ಬಿದ್ದವ್ಳಲ್ಲಾ, ವರ್ಸ ಆಯ್ತು. ಬಾ ಯಣ್ಣಾ, ಅವ್ಳಿಗೂ ಈ ಠಣ್ ಠಣ್ ಕಲ್ಸು" ಎಂದಳು.

"ಇವತ್ತು ಆಗಲ್ಲ. ಹತ್ತಕ್ಕೆ ಮಗ್ಗುಲು, ಹನ್ನೆರಡಕ್ಕೆ ಮಗ್ಗುಲು. ಪಟ್ಟಿ ನೋಡು."

"ಪಟ್ಟಿ ಯಾಕೆ ನೋಡ್ಲಿ? ಅಕ್ಕನ್ನ ಕೇಳು."

ಕೇಳಿದೆ. ಮೂರು. ಎಸ್ತೇರ್ ಬಾಗಿಲ ಕಡೆಗೆ ಕಣ್ಣು ತೋರಿಸಿದಳು, ಹೋಗು ಎನ್ನುವಂತೆ. ಪಕ್ಕದ ಮನೆಯ ಸೆಲ್ವಿ ಬಂದು ಕುಳಿತಳು. "ನೀವು ಪೋಯಿಟ್ಟು ವಾಂಗ ಅಣ್ಣಾ, ಹೋಗಿ ಬನ್ನಿ, ನಾನ್ ನೋಡ್ಕೊಂತೀನಿ. ಅಕ್ಕ ಬೈದ್ರೆ ಮಾತ್ರ ಫೋನ್ ಮಾಡ್ತೀನಿ" ಎಂದಳು. ಮಂಚದಿಂದ ಒಂದು ಸದ್ದು ಬಂತು. ನವೆಂಬರ್‌ನಿಂದ ಕೇಳದ ಸದ್ದು, ಎಸ್ತೇರಳ ನಗು.

ಹನ್ನೆರಡರ ಮಗ್ಗುಲು ಮುಗಿಸಿ, ಒಂದೂ ಕಾಲಿನ ಬಸ್ಸಿಗೆ ಬಂಗಾರಪೇಟೆ, ಅಲ್ಲಿಂದ ಆಟೋದಲ್ಲಿ ಹಳ್ಳಿ. ಎರಡು ಇಪ್ಪತ್ತಕ್ಕೆ ವೆಂಕಟಮ್ಮನ ಮನೆಯಲ್ಲಿದ್ದೆ. ಅವಳ ಅತ್ತೆ ಮುನೆಮ್ಮಜ್ಜಿ ನಡುಮನೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದರು. ನಾನು ತಟ್ಟೆ, ಚಮಚೆ ತರಿಸಿ, ಹೌದಕ್ಕೆ ಮೂರು, ಬೇಡಕ್ಕೆ ಒಂದು ಎಂದು ತೋರಿಸಿದೆ. ಅಜ್ಜಿಯ ಕೈಗೆ ಚಮಚೆ ಹಿಡಿಸಿ, ನನ್ನ ಕೈಯಿಂದ ತಟ್ಟಿಸಿ ತಟ್ಟಿಸಿ ಅರ್ಧ ಗಂಟೆ ಕಲಿಸಬೇಕಾಯಿತು. ಆಮೇಲೆ ವೆಂಕಟಮ್ಮ ಶುರುಮಾಡಿದಳು.

"ಅತ್ತೆ, ನೀರು ಬೇಕಾ?" ಒಂದು. "ಬೆನ್ನು ನೋವಾ?" ಒಂದು. "ನನ್ ಮೇಲೆ ಕ್ವಾಪಾನಾ?" ಮೂರು, ಬಲು ಸ್ಪಷ್ಟವಾಗಿ. "ನೋಡಿದ್ಯಾ ಯಣ್ಣಾ, ಬಾಯಿ ಓದ್ರೂ ಅತ್ತೆ ಅತ್ತೇನೇ!" ಎಂದು ವೆಂಕಟಮ್ಮ ಜೋರಾಗಿ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ, "ಯಾಕತ್ತೆ? ಮಂಚ ಇಲ್ಲಿ ಆಕಿದ್ದಕ್ಕಾ?" ಎಂದಳು.

ಮೂರು.

ಸ್ವಲ್ಪ ಹೊತ್ತು ಕೇಳಿ ಕೇಳಿ ತಿಳಿಯಿತು. ಅಜ್ಜಿಗೆ ಬೇಕಾಗಿದ್ದದ್ದು ದನಗಳನ್ನು ನೋಡುವುದು. ಗಾಳಿ ತಾಗದಿರಲೆಂದು ವರ್ಷವಿಡೀ ಗೋಡೆ ಕಡೆ ಮಲಗಿಸಿದ್ದರು. ವೆಂಕಟಮ್ಮನೂ ನಾನೂ ಮಂಚ ಎತ್ತಿ ಕೊಟ್ಟಿಗೆ ಕಾಣುವಂತೆ ತಿರುಗಿಸಿದೆವು. ಎರಡು ಹಸು, ಒಂದು ಕರು. ಅಜ್ಜಿ ಚಮಚೆ ಕೆಳಗಿಟ್ಟು ಅವುಗಳನ್ನೇ ನೋಡುತ್ತ ಮಲಗಿದರು.

ಹೊರಡುವಾಗ ವೆಂಕಟಮ್ಮ, "ಇದನ್ನ ನಿಮ್ ದೇವ್ರು ಕಳ್ಸಿದ್ನಾ ಯಣ್ಣಾ?" ಎಂದು ಕೇಳಿದಳು.

"ಎಸ್ತೇರ್ ಕಳಿಸಿದಳು. ಅವಳನ್ನ ನಂಗೆ ಕೊಟ್ಟವನು ದೇವರು" ಎಂದೆ.

ಅಂದಿನಿಂದ ಮಂಗಳವಾರ, ಶುಕ್ರವಾರ ನನಗೆ ಇದೇ ಕೆಲಸ. ನಮ್ಮ ಪಕ್ಕದ ನಂದಿದುರ್ಗ ಗಣಿಯ ಲೈನುಗಳಲ್ಲಿ, ಬಂಗಾರಪೇಟೆಯ ಹಳ್ಳಿಗಳಲ್ಲಿ ಮಾತು ಕಳೆದುಕೊಂಡು ಮಲಗಿರುವವರ ಮನೆಗೆ ಹೋಗುತ್ತೇನೆ. ಎಲ್ಲ ಕಡೆ ಫಲಿಸುವುದಿಲ್ಲ. ಎರಡು ಮನೆಗಳಲ್ಲಿ ಕೈಯೂ ಆಡದು. ಅಲ್ಲಿ ರೆಪ್ಪೆ ಬಡಿಯುವುದನ್ನು ಎಣಿಸುತ್ತೇವೆ. ಯಾವ ಮನೆಗೆ ಹೋಗಬೇಕೆಂದು ಹೆಸರು ಓದುವವನು ನಾನು, ತಟ್ಟಿ ತೀರ್ಮಾನಿಸುವವಳು ಎಸ್ತೇರ್. ನಾವಿಬ್ಬರೂ ಉಪಯೋಗಕ್ಕೆ ಬಾರದವರೆಂದು ನಾನು ಎಣಿಸಿದ್ದ ಕಾಲದಲ್ಲೇ ಈ ಸೇವೆಯನ್ನು ಕೊಟ್ಟ ಕರ್ತನಿಗೆ ಸ್ತೋತ್ರ. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಮಲಗಿದ್ದರೆ, ಅವರ ಎದುರು ಪ್ರಾರ್ಥಿಸುವಾಗ ನಡುವೆ ನಿಲ್ಲಿಸಿ ಕಾಯಿರಿ ಎಂದು ಬೇಡುತ್ತೇನೆ.

ಆ ಶುಕ್ರವಾರದ ಕೆಲಸ ಇನ್ನೂ ಬಾಕಿಯಿತ್ತು. ಐದು ನಲವತ್ತಕ್ಕೆ ಮನೆ ಸೇರಿದೆ. ಸೆಲ್ವಿ ಕಲಸಿ ಕೊಟ್ಟ ಮೊಸರನ್ನವನ್ನು ಎಸ್ತೇರ್ ಅರ್ಧ ತಟ್ಟೆ ತಿಂದಿದ್ದಳು. ಏಳಕ್ಕೆ ಸಂಜೆಯ ಪ್ರಾರ್ಥನೆ. ನಾನು ಬಾಯಿ ತೆರೆಯಲಿಲ್ಲ. ಅವಳ ಎಡಗೈ ಹಿಡಿದು ಕುಳಿತೆ. ಅವಳ ತುಟಿ ಅಲುಗುತ್ತಿತ್ತು. ಅಂದಿನ ಪ್ರಾರ್ಥನೆ ಅವಳದು. ಅದರಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ.

ಆಮೇಲೆ, ಇನ್ನೇನಾದರೂ ಬೇಕಾ ಎಂದೆ. ಮೂರು. ಹತ್ತು ಹನ್ನೆರಡು ಪ್ರಶ್ನೆ ಕೇಳಿದ ಮೇಲೆ ಸಿಕ್ಕಿತು: ತಲೆ ಬಾಚಬೇಕು. ಎಂಟು ತಿಂಗಳು ಸೆಲ್ವಿ ಬಂದಾಗ ಗಂಟು ಕಟ್ಟಿ ಹೋಗುತ್ತಿದ್ದಳು, ಅಷ್ಟೆ. ನಾನು ಈ ಜನ್ಮದಲ್ಲಿ ಹೆಂಗಸರ ತಲೆ ಬಾಚಿದವನಲ್ಲ. ದಿಂಬುಗಳಿಗೆ ಒರಗಿಸಿ ಕೂರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬೈತಲೆ ತೆಗೆದೆ. ಕನ್ನಡಿಯನ್ನು ಅವಳ ಎದುರು ಹಿಡಿದೆ.

ಒಂದು.

ಸೊಟ್ಟಗಿತ್ತು. ಅಳಿಸಿ ಮತ್ತೆ ತೆಗೆದೆ. ಒಂದು. ಕನ್ನಡಕ ಹಾಕಿಕೊಂಡು, ಹಣೆಯ ನಡುವಿನಿಂದ ಬಾಚಣಿಗೆಯ ತುದಿಯನ್ನು ನೇರವಾಗಿ ಎಳೆದೆ. ಈ ಸಲ ಅವಳು ಕನ್ನಡಿಯನ್ನು ಬಹಳ ಹೊತ್ತು ನೋಡಿದಳು. ಒಂದು ಬಾರಿಸಲು ಲೋಟವನ್ನು ಎತ್ತಲಿಲ್ಲ. ಜಡೆ ಹೆಣೆದು ತುದಿಗೆ ರಬ್ಬರ್ ಬ್ಯಾಂಡ್ ಹಾಕಿದೆ. ಗಂಟೆ ಏಳು ಐವತ್ತು.