ಗಂಜಿ ಮುಟ್ಟದ ಹಳದಿ ಗಣಿಗಾರ

ವಾರಿಜಕ್ಕನಿಗೆ ಆಟ ಬರುವುದಿಲ್ಲ ಎಂದು ನಾವು ಮೂವರು ನಾಲ್ಕು ವರ್ಷ ನಂಬಿಕೊಂಡಿದ್ದೆವು. ನಂಬಿದ್ದಷ್ಟೇ ಅಲ್ಲ, ಅವರ ಮನೆಯಲ್ಲೇ ಕೂತು, ಅವರೇ ಮಾಡಿದ ನೀರುದೋಸೆ ತಿಂದು, ಅವರೆದುರೇ ಹಾಗೆ ಹೇಳಿ ನಗುತ್ತಿದ್ದೆವು. ಈಗ ಯಾರಾದರೂ ಅವರ ಬಗ್ಗೆ ಹಾಗೆ ನಕ್ಕರೆ ನಾನು ಸುಮ್ಮನಿರುವವಳಲ್ಲ. ಆದರೆ ಆಗ ನಕ್ಕವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಾರಿಜಕ್ಕ ಕಾಪು ಕಡೆಯವರು. ಮದುವೆಯಾಗಿ ಎಂಬತ್ತನಾಲ್ಕರಲ್ಲಿ ಲಾಸ್ ಏಂಜಲಿಸ್‌ಗೆ ಬಂದವರು. ಸೆರಿಟೋಸ್‌ನಲ್ಲಿ ಮನೆ. ಗಂಡ ಮೋನಪ್ಪನವರದು ಪಕ್ಕದ ಆರ್ಟೀಸಿಯಾದಲ್ಲಿ ಟ್ರಾವೆಲ್ ಏಜೆನ್ಸಿ. ವಾರಿಜಕ್ಕ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದರು. ಅವರ ಕೈ ಓಡುವುದನ್ನು ನೋಡಬೇಕು. ಮಾತಾಡುತ್ತಲೇ ಒಂದು ಕಟ್ಟು ಹರಿವೆ ಸೊಪ್ಪು ಬಿಡಿಸಿ ಮುಗಿಸಿರುತ್ತಿದ್ದರು, ನಾನಿನ್ನೂ ಮೂರನೆಯ ದಂಟಿನಲ್ಲಿರುತ್ತಿದ್ದೆ. ಅಂಥ ಕೈಗೆ ಒಂದು ಜಾಯ್‌ಸ್ಟಿಕ್ ತಿರುಗಿಸಲು ಬರುವುದಿಲ್ಲ ಎಂದು ನಂಬಿದೆವಲ್ಲ, ನಮ್ಮ ಬುದ್ಧಿಗೆ ಏನನ್ನಬೇಕು!

ನಮ್ಮದು ಗದಗ ಕಡೆ. ನಮ್ಮವರು, ಅಂದರೆ ಸಿದ್ಧಲಿಂಗೇಶ, ಸ್ಯಾನ್ ಡಿಯಾಗೋದಲ್ಲಿ ಇಂಜಿನಿಯರ್. ನಾನು ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಸ್ಕ್ರಿಪ್ಸ್ ರ್ಯಾಂಚ್‌ನ ನಮ್ಮ ಮನೆಯಿಂದ ಸೆರಿಟೋಸ್‌ಗೆ ಟ್ರಾಫಿಕ್ ಇಲ್ಲದಿದ್ದರೂ ಒಂದೂಮುಕ್ಕಾಲು ಗಂಟೆ. ಆದರೂ ತಿಂಗಳಿಗೆರಡು ಭಾನುವಾರ ಹೋಗುತ್ತಿದ್ದೆವು. ಸ್ನೇಹಕ್ಕೆ ಅಂತ ಹೇಳಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ ಮೋನಪ್ಪನವರ ಗರಾಜಿನಲ್ಲಿದ್ದ ಯಂತ್ರಕ್ಕಾಗಿ.

ಎರಡು ಸಾವಿರದ ಒಂದರಲ್ಲಿ ಅವರ ಮನೆಯ ಹತ್ತಿರದ ಹಳೆಯ ಆರ್ಕೇಡ್, ಅಂದರೆ ವಿಡಿಯೋ ಆಟದ ಅಂಗಡಿ, ಮುಚ್ಚಿದಾಗ ಮೋನಪ್ಪ ಆ ಯಂತ್ರವನ್ನು ಎತ್ತಿಕೊಂಡು ಬಂದಿದ್ದರು. ಅಂದಿನಿಂದ ಅವರ ಕಾರು ಬೀದಿಯಲ್ಲಿ, ಯಂತ್ರ ಗರಾಜಿನಲ್ಲಿ. ಆಟದ ಹೆಸರು ‘ಫೋರ್ ಮೈನರ್ಸ್’. ನಾಲ್ಕು ಜನ ಒಂದೇ ಪರದೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ಆಡಬೇಕು. ನಾಲ್ಕು ಬಣ್ಣದ ಗಣಿಗಾರರು ಗುಡ್ಡದೊಳಗೆ ಹಂತಹಂತವಾಗಿ ಇಳಿಯುತ್ತಾರೆ, ಬಾವಲಿಗಳು ಮೇಲೆ ಬೀಳುತ್ತವೆ, ಪ್ರತಿ ಕ್ಷಣಕ್ಕೂ ಪ್ರತಿಯೊಬ್ಬರ ಬಲ ಇಳಿಯುತ್ತಿರುತ್ತದೆ. ಅಲ್ಲಲ್ಲಿ ಹಬೆಯಾಡುವ ಒಂದು ಬಟ್ಟಲು ಸಿಗುತ್ತದೆ. ನಾವದನ್ನು ಗಂಜಿ ಅನ್ನುತ್ತಿದ್ದೆವು. ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ಪೂರ್ತಿ ಗಂಜಿ, ಉಳಿದವರಿಗೆ ಸೊನ್ನೆ. ಅದಕ್ಕಾಗಿ ನಡೆಯುವ ತಳ್ಳಾಟ, ಬೈದಾಟವೇ ಆಟದ ಜೀವ ಎಂದು ನಮ್ಮವರ ಸಿದ್ಧಾಂತ. ಮೋನಪ್ಪ ಕೆಂಪು, ನಮ್ಮವರು ನೀಲಿ, ನಾನು ಹಸಿರು. ನಾಲ್ಕನೆಯದಕ್ಕೆ ಜನ ಬೇಕಿತ್ತಲ್ಲ, ಹಾಗಾಗಿ ವಾರಿಜಕ್ಕ ಹಳದಿ.

ಭಾನುವಾರದ ಊಟ ಹೀಗಿರುತ್ತಿತ್ತು. ವಾರಿಜಕ್ಕ ಬಡಿಸುತ್ತಿದ್ದರು, ನಾವು ತಿನ್ನುತ್ತಿದ್ದೆವು. ಕೂತುಕೊಳ್ಳಿ ಅಂದರೆ ‘ನಿಮ್ಮದಾಗ್ಲಿ’ ಅನ್ನುತ್ತಿದ್ದರು. ನಮ್ಮದೆಲ್ಲ ಆದ ಮೇಲೆ ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಎರಡು ದೋಸೆ ತಿಂದು ಕೈ ಒರೆಸಿಕೊಳ್ಳುತ್ತ ಗರಾಜಿಗೆ ಬರುತ್ತಿದ್ದರು. ನಮ್ಮ ಕಡೆಯೂ ಬಡಿಸುವವರು ಕಡೆಗೇ ಉಣ್ಣುವುದು. ಅದರಲ್ಲಿ ವಿಶೇಷವೇನೂ ನನಗೆ ಕಾಣಿಸಿರಲಿಲ್ಲ.

ಆಟದಲ್ಲಿ ಹಳದಿ ಗಣಿಗಾರನದು ಒಂದೇ ಹಣೆಬರಹ. ಗಂಜಿ ಕಂಡರೆ ಓಡಿ ಅದರ ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದ. ಮುಟ್ಟುತ್ತಿರಲಿಲ್ಲ. ಸುತ್ತ ಬರುವ ಬಾವಲಿಗಳನ್ನು ಹೊಡೆಯುತ್ತ ನಿಂತಿರುತ್ತಿದ್ದ. ನಮ್ಮಲ್ಲೊಬ್ಬರು ಬಂದು ಗುಳುಂ ಮಾಡುತ್ತಿದ್ದೆವು. ‘ಅಕ್ಕಾರ, ಬಾಜೂ ಸರೀರಿ, ದಾರಿ ಬಿಡ್ರಿ!’ ಎಂದು ನಮ್ಮವರು ಕೂಗುತ್ತಿದ್ದರು. ಮೂರನೆಯ ಹಂತಕ್ಕೆ ಹಳದಿಯವನ ಕಥೆ ಮುಗಿಯುತ್ತಿತ್ತು. ‘ವಾರಿಜಾ ಔಟ್!’ ಎಂದು ಮೋನಪ್ಪ ಸಾರುತ್ತಿದ್ದರು. ವಾರಿಜಕ್ಕ ಚಾ ಇಡಲು ಒಳಗೆ ಹೋಗುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು. ಆ ಗಣಿಗಾರ ಯಾಕೆ ಹಾಗೆ ನಿಲ್ಲುತ್ತಾನೆ ಎಂದು ಒಬ್ಬರಿಗೂ ಕೇಳಬೇಕೆನಿಸಲಿಲ್ಲ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ‘ಫೋರ್ ಮೈನರ್ಸ್ ಟೂ’ ಬಂತು. ನಮ್ಮ ಮನೆಗೆ ಹತ್ತಿರದ ಮೀರಾ ಮೇಸಾದ ಒಂದು ಗೇಮ್ ಸೆಂಟರಿನಲ್ಲಿ ಯಂತ್ರ ಇಟ್ಟರು. ಆ ಭಾನುವಾರ ಸೆರಿಟೋಸ್‌ನವರೇ ನಮ್ಮಲ್ಲಿಗೆ ಬಂದರು. ಹೊಸ ಆಟದಲ್ಲಿ ಚಿತ್ರ ಚೆನ್ನಾಗಿತ್ತು, ಸದ್ದು ಜೋರಿತ್ತು. ಆದರೆ ಒಂದು ಬದಲಾವಣೆ. ಗಂಜಿಯನ್ನು ಯಾರೇ ಮುಟ್ಟಲಿ, ಅದು ನಾಲ್ಕು ಪಾಲಾಗಿ ನಾಲ್ವರಿಗೂ ಸಮನಾಗಿ ಹೋಗುತ್ತಿತ್ತು.

ನಮ್ಮವರ ಮುಖ ಹುಳ್ಳಗಾಯಿತು. ಇಂಟರ್ನೆಟ್ಟಿನಲ್ಲಿ ಆಗಲೇ ಯುದ್ಧ ಶುರುವಾಗಿತ್ತಂತೆ. ಅರ್ಧ ಜನ ಹೊಸದನ್ನು ಹೊಗಳುವವರು, ಅರ್ಧ ಜನ ಶಾಪ ಹಾಕುವವರು. ನಮ್ಮವರು ಶಾಪದ ಗುಂಪು. ‘ಗಂಜಿ ಹಂಚಿದ ಮ್ಯಾಲೆ ಆಟದಾಗ ಏನ್ ಉಳೀತ್ರಿ? ಸಪ್ಪನ್ನ ಸಾರು!’ ಅಂದರು. ಮೋನಪ್ಪ ಹೌದೆಂದರು.

ಇವರು ಹೀಗೆ ಗೊಣಗುತ್ತ ಆಡುತ್ತಿರುವಾಗಲೇ ನಾವು ಮೂವರೂ ಒಬ್ಬೊಬ್ಬರಾಗಿ ಸತ್ತಿದ್ದೆವು. ಹಳದಿ ಗಣಿಗಾರ ಒಂಬತ್ತನೆಯ ಹಂತದಲ್ಲಿ ಒಬ್ಬನೇ ಬಾವಲಿ ಬಡಿಯುತ್ತಿದ್ದ. ವಾರಿಜಕ್ಕನ ತುಟಿ ಬಿಗಿದಿತ್ತು, ಬೆರಳು ಕಾಣಿಸದಷ್ಟು ಜೋರಾಗಿ ಓಡುತ್ತಿತ್ತು.

‘ಆಟ ಭಾಳ ಸಸಾರ ಮಾಡಿಬಿಟ್ಟಾರ’ ಅಂದರು ನಮ್ಮವರು. ‘ನೋಡ್ರಿ, ಅಕ್ಕಾರೂ ಒಂಬತ್ತಕ್ಕ ಹೋಗ್ಯಾರಂದ್ರ!’

‘ನಂಗೆ ಇದೇ ಒಳ್ಳೆದಾಯ್ತು’ ಅಂದರು ವಾರಿಜಕ್ಕ, ಪರದೆಯಿಂದ ಕಣ್ಣು ತೆಗೆಯದೆ.

‘ಕುಣೀಲಾರದವಳು ನೆಲ ಡೊಂಕು ಅಂದ್ಳಂತ’ ಎಂದು ನಮ್ಮವರು ನಕ್ಕರು. ‘ಹಳೇ ಆಟದಾಗ ಗಂಜಿಗೆ ಜಗಳಾ ಆಡೋದರಾಗ ಒಂದು ಚಂದ ಇತ್ರೀ ಅಕ್ಕಾರ.’

ವಾರಿಜಕ್ಕ ಆಗ ತಿರುಗಿದರು. ‘ಜಗಳ ಚಂದ ಉಂಟು ಅಂತ ಹೇಳುವವರು ಯಾರು, ಸಿದ್ಧಲಿಂಗೇಶ್‌ರೇ? ಗಂಜಿ ಉಂಡವರು.’

ನಾವು ಮೂವರೂ ನಕ್ಕೆವು. ಅವರು ನಗಲಿಲ್ಲ. ನನಗೆ ಒಳಗೆಲ್ಲೋ ಚುಚ್ಚಿತು, ಆದರೆ ಏನು ಚುಚ್ಚಿತೆಂದು ಹುಡುಕುವ ಗೋಜಿಗೆ ಹೋಗಲಿಲ್ಲ.

ಅದೇ ಗೇಮ್ ಸೆಂಟರಿನವರು ಅಕ್ಟೋಬರಿಗೆ ಪಂದ್ಯ ಇಟ್ಟರು. ಹಳೆಯ ಆಟಕ್ಕೊಂದು ವಿಭಾಗ, ಹೊಸದಕ್ಕೊಂದು. ಒಂದು ತಂಡಕ್ಕೆ ಒಂದೇ ವಿಭಾಗ. ಒಬ್ಬರಾದರೂ ಉಳಿದು ಹೆಚ್ಚು ಹಂತ ಇಳಿದ ತಂಡಕ್ಕೆ ಗೆಲುವು. ಮೋನಪ್ಪ ಮತ್ತು ನಮ್ಮವರು ಫೋನಿನಲ್ಲೇ ತೀರ್ಮಾನ ಮಾಡಿದರು: ಹಳೆಯದು. ಹಳದಿಗೆ ವಾರಿಜಕ್ಕನ ಬದಲು ನಮ್ಮವರ ಆಫೀಸಿನ ಬಾಲಸುಬ್ರಹ್ಮಣ್ಯ. ನನ್ನನ್ನೂ ಕೇಳಿದರು. ‘ಬ್ಯಾಡ, ಅಕ್ಕಾರಿಗೆ ಬ್ಯಾಸರ ಆಗ್ತದ’ ಅನ್ನಬಹುದಿತ್ತು. ನಾನು ಸಿಂಕಿನ ಪಾತ್ರೆ ಉಜ್ಜುತ್ತ ಸುಮ್ಮನಿದ್ದೆ. ಮೌನ ಸಮ್ಮತಿ ಎಂದು ಅವರು ತಿಳಿದರು, ಅದು ಸಮ್ಮತಿಯೇ ಆಗಿತ್ತು. ನನಗೂ ಗೆಲ್ಲಬೇಕಿತ್ತು.

ಮುಂದಿನ ಭಾನುವಾರ ಸೆರಿಟೋಸ್‌ನಲ್ಲಿ ಊಟ ಮುಗಿದ ಮೇಲೆ ವಿಷಯ ಹೊರಬಿತ್ತು. ಅರ್ಜಿಯ ಕಾಗದ ಮೇಜಿನ ಮೇಲೆಯೇ ಇತ್ತು. ವಾರಿಜಕ್ಕ ಓದಿದರು.

‘ನನ್ನ ಹೆಸರು ತೆಗ್ದದ್ದು ಯಾರು?’

‘ತೆಗ್ದದ್ದಲ್ಲ ಮಾರಾಯ್ತಿ’ ಎಂದರು ಮೋನಪ್ಪ. ‘ಹಳೇದು ನಿನ್ನಿಂದ ಆಗುದಿಲ್ಲ ಅಲ್ವಾ? ಸುಮ್ನೆ ಅಷ್ಟು ಜನರೆದುರು ಎಂತಕ್ಕೆ?’

ವಾರಿಜಕ್ಕ ನನ್ನ ಕಡೆ ನೋಡಿದರು. ‘ಶೋಭಾ, ನಿಂಗೆ ಗೊತ್ತಿತ್ತಾ?’

ನಾನು ತಲೆ ತಗ್ಗಿಸಿದೆ. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

‘ಬನ್ನಿ’ ಎಂದು ಅವರು ಗರಾಜಿಗೆ ನಡೆದರು. ತಾವೇ ಯಂತ್ರದ ಸ್ವಿಚ್ ಹಾಕಿದರು. ‘ನಾಲ್ಕೂ ಜನ ನಿಲ್ಲುವ. ಹಳೇದೇ ಆಡುವ.’

ಮೊದಲ ಹಂತದಲ್ಲಿ ಗಂಜಿ ಕಾಣಿಸಿತು. ಹಳದಿ ಗಣಿಗಾರ ಎಂದಿನಂತೆ ಓಡಿದ. ನಮ್ಮವರು ಎಂದಿನಂತೆ ಆರಾಮವಾಗಿ ಹಿಂದೆ ಹೋದರು, ಅವನು ಕಾಯುತ್ತಾನಲ್ಲ ಎಂದು. ಹಳದಿಯವನು ಗಂಜಿ ಕುಡಿದುಬಿಟ್ಟ.

‘ಅಕ್ಕಾರ, ಅದು ನಂದಿತ್ತು!’

ಎರಡನೆಯ ಬಟ್ಟಲು, ಮೂರನೆಯದು, ನಾಲ್ಕನೆಯದು. ನಾವು ಹೋಗಿ ಮುಟ್ಟುವಷ್ಟರಲ್ಲಿ ಪ್ರತಿಯೊಂದೂ ಖಾಲಿ. ಕಾಗದ ವಿಂಗಡಿಸಿದ ಕೈ ಅದು. ಯಾವ ಬಟ್ಟಲು ಯಾವ ಮೂಲೆಯಲ್ಲಿ ಹುಟ್ಟುತ್ತದೆಂದು ನಾಲ್ಕು ವರ್ಷ ಕಾವಲು ನಿಂತವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ನಮ್ಮವರು ನಾಲ್ಕನೆಯ ಹಂತದಲ್ಲಿ ಸತ್ತರು. ಐದರಲ್ಲಿ ನನ್ನ ಬಲ ನೂರರಲ್ಲಿ ಹನ್ನೆರಡಕ್ಕೆ ಇಳಿದಿತ್ತು, ಗಂಜಿ ಎರಡು ಹೆಜ್ಜೆಯಲ್ಲಿತ್ತು. ‘ಅಕ್ಕಾ, ಇದೊಂದು ಬಿಡ್ರಿ’ ಎಂದೆ. ಹಳದಿಯವನು ನನ್ನ ಮುಂದಿನಿಂದಲೇ ಹಾದು ಅದನ್ನೂ ಕುಡಿದ. ನನಗೆ ಎಂಥ ಸಿಟ್ಟು ಬಂತು ಅಂದರೆ, ಆಟವೆಂಬುದೇ ಮರೆತು ಅವರ ತೋಳನ್ನು ತಳ್ಳಿದೆ. ಏಳರಲ್ಲಿ ಮೋನಪ್ಪ ಹೋದರು.

ಆಮೇಲೆ ನಾವು ಮೂವರು ಸುಮ್ಮನೆ ನಿಂತು ನೋಡಿದೆವು. ನಮ್ಮ ತಂಡ ಅದುವರೆಗೆ ತಲುಪಿದ್ದ ಹಂತ ಹನ್ನೊಂದು. ವಾರಿಜಕ್ಕ ಒಬ್ಬರೇ ಹದಿನಾಲ್ಕಕ್ಕೆ ಹೋದರು. ಅಲ್ಲಿ, ಬಲ ಇನ್ನೂ ತುಂಬಿರುವಾಗಲೇ, ಕೈ ತೆಗೆದು ಹಿಂದೆ ಸರಿದರು. ಹಳದಿ ಗಣಿಗಾರ ಅಲ್ಲೇ ನಿಂತ, ಬಾವಲಿಗಳು ಮುತ್ತಿಕೊಂಡವು.

‘ಅಕ್ಕಾರ, ನೀವ ಬರ್ರಿ ತಂಡಕ್ಕ’ ಎಂದರು ನಮ್ಮವರು, ದನಿ ಇಳಿಸಿ. ‘ಬಾಲೂಗ ನಾ ಹೇಳ್ತೀನಿ. ನಾವ್ ಗೆದ್ದಂಗ.’

‘ಇದಕ್ಕೆ ನಾನು ಬರುದಿಲ್ಲ’ ಅಂದರು ವಾರಿಜಕ್ಕ. ‘ನಂಗೆ ಆಡ್ಲಿಕ್ಕೆ ಬರ್ತದೆ. ಮುಂಚೆಯೂ ಬರ್ತಿತ್ತು. ಇದರಲ್ಲಿ ನೀವು ಉಳೀಬೇಕಾದ್ರೆ ನಾನು ಉಪವಾಸ ಬೀಳ್ಬೇಕು, ನಾನು ಉಳೀಬೇಕಾದ್ರೆ ನಿಮ್ಮನ್ನು ಉಪವಾಸ ಹಾಕ್ಬೇಕು. ನಾಲ್ಕು ವರ್ಷ ನಾನು ಸತ್ತೆ, ನಿಮಗೆ ಗೊತ್ತೇ ಆಗ್ಲಿಲ್ಲ. ಇವತ್ತು ಒಂದು ಸಲ ನೀವು ಸತ್ರಿ, ಎಷ್ಟು ಸಿಟ್ಟು ಬಂತು ನೋಡಿ. ಈಗ ಹೊಸದು ಸಪ್ಪೆ ಅಂತ ಇನ್ನೊಮ್ಮೆ ಹೇಳಿ, ಕೇಳುವ.’

ಅವರು ಯಂತ್ರದ ಸ್ವಿಚ್ ಆರಿಸಿದರು.

‘ನಾನು ಹೊಸದಕ್ಕೆ ಹೆಸರು ಕೊಡ್ತೇನೆ. ಬರುವವರು ಬನ್ನಿ. ಬಾರದಿದ್ರೆ ನಮ್ಮ ಅಂಚೆಯಲ್ಲಿ ಹೆಂಗಸರಿದ್ದಾರೆ, ಅವರನ್ನು ಕರ್ಕೊಂಡು ಹೋಗ್ತೇನೆ.’

‘ನಾ ಬರ್ತೀನಿ ಅಕ್ಕಾ’ ಎಂದೆ. ತಡವಾಗಿತ್ತು, ಆದರೂ ಎಂದೆ. ಮೋನಪ್ಪ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು, ಇಪ್ಪತ್ತೊಂದು ವರ್ಷ ಒಟ್ಟಿಗಿದ್ದವರನ್ನು ಹೊಸದಾಗಿ ನೋಡುವ ಹಾಗೆ. ‘ಆಯ್ತು, ನಾನೂ’ ಅಂದರು. ಒಬ್ಬರೇ ಉಳಿದಾಗ ನಮ್ಮವರೂ ಗೊಣಗುತ್ತ ಬಂದರು. ಅರ್ಜಿಯನ್ನು ವಾರಿಜಕ್ಕನೇ ತುಂಬಿದರು. ನಾಯಕರ ಹೆಸರಿನ ಜಾಗದಲ್ಲಿ ಯಾರನ್ನೂ ಕೇಳದೆ ತಮ್ಮ ಹೆಸರು ಬರೆದರು.

ಪಂದ್ಯದ ದಿನ ಮೀರಾ ಮೇಸಾದಲ್ಲಿ ಇದ್ದವರು ಬಹುತೇಕ ನಮ್ಮ ಅರ್ಧ ವಯಸ್ಸಿನವರು. ವಾರಿಜಕ್ಕ ಸೀರೆಯಲ್ಲಿ ಬಂದಿದ್ದರು. ಕೆಲವರು ತಿರುಗಿ ನೋಡಿದರು, ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಎರಡು ಸುತ್ತು ಗೆದ್ದೆವು. ಮೂರನೆಯದರಲ್ಲಿ ಸೋತೆವು. ಸೋತಾಗ ನಾಲ್ವರೂ ಒಂದೇ ಹಂತದಲ್ಲಿ, ಒಂದೆರಡು ಕ್ಷಣಗಳ ಅಂತರದಲ್ಲಿ ಸತ್ತೆವು. ವಾರಿಜಕ್ಕ ಪಕ್ಕದ ಯಂತ್ರದಲ್ಲಿ ಗೆದ್ದ ತಂಡದ ಹುಡುಗಿಯರ ಕೈ ಕುಲುಕಿ, ಮುಂದಿನ ವರ್ಷ ನೋಡೋಣ ಎಂದು ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಟ್ಟು ಬಂದರು.

ನಮ್ಮವರಿಗೆ ಸೋಲು ಅರಗಲಿಲ್ಲ. ಹಳೆಯ ಆಟದಲ್ಲಿ ಮೊದಲ ಬಹುಮಾನ ಪಡೆದ ತಂಡ ಹತ್ತನೆಯ ಹಂತವನ್ನೂ ದಾಟಿರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆರೆಯುತ್ತ ಅವರು ತಡೆಯಲಾರದೆ ಹೇಳಿಯೇಬಿಟ್ಟರು.

‘ಏನೇ ಅನ್ರಿ ಅಕ್ಕಾರ, ಹಳೇದಕ್ಕ ಹೆಸರು ಕೊಟ್ಟಿದ್ರ ಇವತ್ತ ನಾವ್ ಗೆಲ್ತಿದ್ವಿ.’

‘ನಾವಲ್ಲ’ ಅಂದರು ವಾರಿಜಕ್ಕ. ‘ನೀವು.’

ಮೋನಪ್ಪ ಕೀಲಿಕೈ ಹುಡುಕುವವರಂತೆ ಜೇಬು ತಡಕಿಕೊಂಡರು. ವಾರಿಜಕ್ಕ ಆ ಮಾತನ್ನು ಹೇಳುವಾಗ ನೋಡುತ್ತಿದ್ದದ್ದು ನಮ್ಮವರನ್ನೊಬ್ಬರನ್ನೇ ಅಲ್ಲ, ನನ್ನನ್ನೂ ಕೂಡ. ನಾನು ಈ ಸಲ ತಲೆ ತಗ್ಗಿಸಲಿಲ್ಲ, ‘ಹೌದು ಅಕ್ಕಾ’ ಎಂದೆ.