ಎಡಬಾಗಿಲಿನ ಹಿಡಿಕೆ

ಕಳೆದ ಭಾನುವಾರ ಗುಂಡಿ ಡಬ್ಬವನ್ನು ಚಾಪೆಯ ಮೇಲೆ ಕವುಚಿಕೊಂಡು ಕೂತಿದ್ದೆ. ಬೇಕಿದ್ದದ್ದು ಒಂದು ಮೆರೂನ್ ಗುಂಡಿ, ಕೈಗೆ ಸಿಕ್ಕಿದ್ದು ಕುದುರೆ ಲಾಳದ ಆಕಾರದ ಒಂದು ಪುಟ್ಟ ಸ್ಪ್ರಿಂಗ್ ಕ್ಲಿಪ್ಪು. ಹಳೇ ಕಾರಿನ ಬಾಗಿಲಿಗೆ ಒಳಗಡೆ ಇರುವ ಹಿಡಿಕೆ ಕಳಚಿ ಬೀಳದ ಹಾಗೆ ಕಚ್ಚಿ ಹಿಡಿಯುವ ಕ್ಲಿಪ್ಪು ಅದು. ಎಷ್ಟು ಹೊತ್ತು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದೆನೋ... ಗುಂಡಿ ಹುಡುಕುವುದು ಅಲ್ಲಿಗೇ ನಿಂತಿತು.

ಕಾರು ಮೇಲಿನ ಮನೆಯ ಭಾವನದು. ಸಂಬಂಧದ ಭಾವನೇನಲ್ಲ. ಠಾಕುರ್ಲಿಯ ಈ ಬಿಲ್ಡಿಂಗಿಗೆ ನಾನು ಹೊಲಿಗೆ ಮಷಿನ್ ಇಳಿಸಿದ ದಿನ ಅವರ ಹೆಂಡತಿ ಕೆಳಗೆ ಬಂದು, "ನೀವು ಉಡುಪಿ ಕಡೆಯವರಾ? ಮಾತು ಕೇಳಿಯೇ ಗೊತ್ತಾಯ್ತು" ಎಂದಿದ್ದರು. ಅವತ್ತೇ ಅವರು ನನಗೆ ಅಕ್ಕ, ಇವರು ಭಾವ. ಐರೋಲಿಯಲ್ಲಿ ಒಂದು ಕಂಪನಿಯ ಕ್ಯಾಂಟೀನ್ ನಡೆಸಿ ವಯಸ್ಸಾದ ಮೇಲೆ ಬಿಟ್ಟವರು ಭಾವ. ಅವರಿಗೆ ಆ ಹಳೇ ಪದ್ಮಿನಿ ಕಾರೆಂದರೆ ಜೀವ. ಯಾರಾದರೂ ಅದಕ್ಕೆ ಒರಗಿ ನಿಂತರೆ ಸಾಕು, ಮುಖ ಗಂಟಾಗುತ್ತಿತ್ತು. "ನನಗೆ ಜ್ವರ ಬಂದ್ರೆ ಇವರಿಗೆ ಇಷ್ಟು ಚಿಂತೆ ಇಲ್ಲ ಮಾರಾಯ್ತಿ" ಎಂದು ಅಕ್ಕ ಆಡಿಕೊಳ್ಳುತ್ತಿದ್ದರು.

ಅಕ್ಕನಿಗೂ ಆ ಕಾರಿನಲ್ಲಿ ಒಂದು ಕೆಲಸವಿತ್ತು. ವಾರವಿಡೀ ದೇವರಿಗೆ ಏರಿಸಿದ ಹೂವನ್ನು ಒಂದು ಚೀಲದಲ್ಲಿ ಕೂಡಿಡುವರು. ದೇವರ ಹೂವನ್ನು ಕಸದ ಬುಟ್ಟಿಗೆ ಹಾಕುವುದುಂಟೇ? ಊರಲ್ಲಾದರೆ ತೆಂಗಿನ ಬುಡವಿತ್ತು, ಇಲ್ಲಿ ಸಮುದ್ರದ ನೀರು ಒಳನುಗ್ಗುವ ಖಾಡಿಯೇ ಗತಿ. ಮುಲುಂಡಿನ ತಂಗಿಯ ಮನೆಗೆ ಹೋಗುವಾಗ ಐರೋಲಿ ಸೇತುವೆಯ ಮೇಲೆ ಭಾವ ಗಳಿಗೆ ಹೊತ್ತು ಕಾರು ನಿಲ್ಲಿಸುತ್ತಿದ್ದರು. ಅಕ್ಕ ಇಳಿದು, ಚಪ್ಪಲಿ ಬಿಟ್ಟು, ಕೈಮುಗಿದು, ಚೀಲವನ್ನು ಖಾಡಿಯ ನೀರಿಗೆ ಬಿಡುತ್ತಿದ್ದರು. ನಮ್ಮ ಮನೆಯ ಹೂವೂ ಎಷ್ಟೋ ಸಲ ಅವರ ಕೈಯಿಂದಲೇ ಹೋದದ್ದುಂಟು.

ಆಮೇಲೆ ಪೊಲೀಸರು ಸೇತುವೆಯ ಮೇಲೆ ವಾಹನ ನಿಲ್ಲಿಸಲು ಬಿಡದಾದರು. ಆ ಹೊತ್ತಿಗೇ ಅಕ್ಕನ ನೆನಪೂ ಕೈಕೊಡತೊಡಗಿತು. ಮೊದಲು ಒಲೆ ಆರಿಸುವುದು ಮರೆತರು, ಆಮೇಲೆ ನನ್ನನ್ನು ಮರೆತರು, ಕೊನೆಗೆ ಪುಣೆಯಲ್ಲಿರುವ ಮಗಳನ್ನೇ "ಯಾರಿವಳು?" ಎಂದರು. ಮರೆಯದೆ ಉಳಿದದ್ದು ಸೇತುವೆಯೊಂದೇ. ಹದಿನೈದು ದಿನಕ್ಕೊಮ್ಮೆ ಮುಲುಂಡಿನ ಡಾಕ್ಟರ ಬಳಿ ಹೋಗುವಾಗ ಖಾಡಿಯ ನೀರು ಕಂಡದ್ದೇ ತಡ, ಓಡುವ ಕಾರಿನ ಬಾಗಿಲಿಗೆ ಕೈ ಹಾಕುತ್ತಿದ್ದರು. ಲಾಕ್ ಮಾಡಿ ಪ್ರಯೋಜನವಿರಲಿಲ್ಲ. ಆ ಕಾರಿನಲ್ಲಿ ಹಿಡಿಕೆ ತಿರುಗಿಸಿದರೆ ಲಾಕೂ ಬಿಡುತ್ತಿತ್ತು.

ಒಂದು ಬೆಳಿಗ್ಗೆ ನನ್ನ ಕಿಟಕಿಯೆದುರೇ ಭಾವ ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಬಾಗಿಲನ್ನು ಕೆರೆಯುತ್ತಿದ್ದರು. ರೆಕ್ಸಿನ್ ಹರಿದಿತ್ತು. ಒಂದು ಗೀರಿಗೆ ಊಟ ಬಿಡುವ ಮನುಷ್ಯ!

"ಎಂತದು ಭಾವ ಅದು? ಕಾರಿನ ಚರ್ಮ ಸುಲಿತಾ ಇದ್ದೀರಲ್ಲ!"

"ಹಿಡಿಕೆ ತೆಗೀಬೇಕು. ಶಹಾಡಿನ ಗ್ಯಾರೇಜಿನ ಮಿಸ್ತ್ರಿ ಫೋನಲ್ಲಿ ಹೇಳಿದ, ತೆಳು ಬಟ್ಟೆ ಬೇಕಂತೆ. ನಿನ್ನಲ್ಲಿ ಉಂಟಾ?"

ಬಟ್ಟೆಗೆ ನನ್ನಲ್ಲಿ ಬರವೇ? ಹಳೇ ಪಂಚೆಯಿಂದ ಒಂದು ಪಟ್ಟಿ ಹರಿದುಕೊಟ್ಟೆ. ಹಿಡಿಕೆಯ ಬುಡದ ಬಿಲ್ಲೆಯನ್ನು ಒತ್ತಿ, ಆ ಸಂದಿಗೆ ಪಟ್ಟಿಯನ್ನು ತೂರಿಸಿ, ಬೂಟು ಉಜ್ಜುವ ಹಾಗೆ ಆಚೀಚೆ ಎಳೆಯಬೇಕು. ಬಟ್ಟೆಯ ಎಳೆಗೆ ಕ್ಲಿಪ್ಪಿನ ತುದಿ ಸಿಕ್ಕಿಕೊಂಡು ಹೊರಬರುತ್ತದೆ. ಹಾರಿಹೋದರೆ ಸಿಗುವ ಹಾಗಿಲ್ಲ ಎಂದು ನಾನು ಅಂಗೈ ಅಡ್ಡ ಹಿಡಿದೆ. ಟಪ್ಪೆಂದು ಬಂದು ಬಿತ್ತು. ಎರಡೂ ಹಿಂಬಾಗಿಲುಗಳ ಹಿಡಿಕೆ ಬಿಚ್ಚಿದೆವು. ಕ್ಲಿಪ್ಪುಗಳನ್ನು ನನ್ನ ಗುಂಡಿ ಡಬ್ಬದಲ್ಲಿ ಜೋಪಾನ ಮಾಡಿದೆ. ಏನೋ ದೊಡ್ಡ ಕೆಲಸ ಸಾಧಿಸಿದ ಹಾಗೆ ಇಬ್ಬರೂ ನಕ್ಕೆವು.

ನಗು ಎರಡು ವಾರವೂ ಉಳಿಯಲಿಲ್ಲ. ಡಾಕ್ಟರ ಬಳಿ ಹೋಗಿ ಬಂದ ಅಕ್ಕನ ಬೆರಳ ತುದಿಯೆಲ್ಲ ರಕ್ತ. ಹಿಡಿಕೆ ಇದ್ದ ಜಾಗದಲ್ಲಿ ಉಳಿದಿದ್ದ ಕಬ್ಬಿಣದ ಮೊಳೆಯನ್ನು ದಾರಿಯುದ್ದಕ್ಕೂ ಕೆರೆದಿದ್ದರು. "ಬಾಗಿಲೇ ಇಲ್ಲದ ಮನೆಯಲ್ಲಿ ನನ್ನನ್ನು ಯಾಕೆ ಹಾಕಿದ್ರಿ?" ಎಂದು ಅಳುತ್ತಿದ್ದರು. ಭಾವ ಅವರ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ನನ್ನ ಬಾಯಿ ಸುಮ್ಮನಿರುವುದುಂಟೇ! "ಇದು ಪಾಪದ ಕೆಲಸ ಭಾವ. ಅವರು ಕೂರುವ ಎಡಬಾಗಿಲಿಗಾದರೂ ಹಿಡಿಕೆ ವಾಪಸ್ ಹಾಕಿ. ನಾನು ಪಕ್ಕದಲ್ಲಿ ಕೂತು ಕೈ ಹಿಡ್ಕೊಳ್ತೇನೆ. ನಾನಿದ್ದೇನಲ್ಲ" ಎಂದೆ. ಭಾವ ನನ್ನ ಡಬ್ಬದಿಂದ ಒಂದೇ ಕ್ಲಿಪ್ಪು ತೆಗೆದುಕೊಂಡರು. ಎಡಬಾಗಿಲಿಗೆ ಮಾತ್ರ ಹಿಡಿಕೆ ಹಾಕಿದರು.

ಅಷ್ಟಕ್ಕೇ ನಿಂತಿದ್ದರೆ... ಇಲ್ಲ, ನನ್ನ ಬುದ್ಧಿ ಇನ್ನೂ ಮುಂದೆ ಓಡಿತು. ಮಡಿಲಲ್ಲಿ ಏನಾದರೂ ಇದ್ದರೆ ಸಮಾಧಾನವಾದೀತು ಎಂದು ಮುಂದಿನ ಸಲ ಡಾಕ್ಟರ ಬಳಿ ಹೊರಡುವಾಗ ನಮ್ಮ ದೇವರ ಬಾಡಿದ ಹೂವಿನ ಚೀಲವನ್ನು ಅಕ್ಕನ ಕೈಗೆ ಕೊಟ್ಟೆ. ನಿಜಕ್ಕೂ ಶಾಂತರಾದರು. ಚೀಲವನ್ನು ಎದೆಗೊತ್ತಿಕೊಂಡು ಕೂತರು. ನೋಡಿ, ನನ್ನ ಉಪಾಯ ಫಲಿಸಿತು ಎಂದು ನಾನು ಬೀಗಿದ್ದೂ ಹೌದು.

ಸೇತುವೆಯ ಮೇಲೆ ಟ್ರಾಫಿಕ್ ಗಕ್ಕನೆ ನಿಂತಿತು. ಅಕ್ಕ ನೀರು ನೋಡಿದರು, ಚೀಲ ನೋಡಿದರು, ಆಮೇಲೆ ತಿರುಗಿ ನನ್ನನ್ನು ನೋಡಿದರು. "ಕೆಳಗಿನ ಮನೆಯವಳಲ್ವಾ ನೀನು? ಮಿಷಿನ್ ಹೇಗುಂಟು? ಇದು ನಿಮ್ಮ ದೇವರ ಹೂವಾ?"

ಒಂದು ವರ್ಷವಾಗಿತ್ತು ಅವರು ನನ್ನ ಗುರುತು ಹಿಡಿದು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಎತ್ತಿದೆ. ಅವರ ಕೈ ಹಿಡಿದಿದ್ದ ಕೈ ಅದು.

ಬಾಗಿಲು ತೆರೆದ ಸದ್ದು ಕೇಳಿತು. ಕಾರಿಗೂ ಸೇತುವೆಯ ಕಟಕಟೆಗೂ ನಡುವಿನ ಸಂದಿಯಲ್ಲಿ ಬೈಕೊಂದು ನುಗ್ಗಿ ಬರುತ್ತಿತ್ತು. ಅಕ್ಕ ಇಳಿದು ಚಪ್ಪಲಿ ಬಿಡಲು ಬಗ್ಗಿದ್ದರು... ಆಸ್ಪತ್ರೆಯಲ್ಲಿ ಮೂರನೇ ದಿನ ಹೋಗಿಬಿಟ್ಟರು.

ಮಗಳು ಪುಣೆಯಿಂದ ಬಂದವಳೇ ಅಪ್ಪನ ಮೇಲೆ ಹರಿಹಾಯ್ದಳು. "ಪಪ್ಪಾ, ತೆಗೆದ ಹ್ಯಾಂಡಲ್ ಮತ್ತೆ ಯಾಕೆ ಹಾಕಿದ್ರಿ? ಕಿಸ್ನೆ ಬೋಲಾ ಥಾ?" ನಾನು ಬಾಗಿಲ ಬಳಿಯೇ ನಿಂತಿದ್ದೆ. ಭಾವ ಒಮ್ಮೆ ನನ್ನ ಕಡೆ ನೋಡಿದರು. "ಯಾರೂ ಹೇಳಲಿಲ್ಲ. ನನಗೇ ತೋಚಿತು" ಎಂದರು. ನನ್ನ ಇಷ್ಟುದ್ದದ ನಾಲಿಗೆ ಅವತ್ತು ಎಲ್ಲಿ ಸತ್ತಿತ್ತೋ.

ಮಗಳು ಅಪ್ಪನೊಂದಿಗೆ ಮಾತು ಬಿಟ್ಟಳು. ವರ್ಷಗಳೇ ಕಳೆದವು. ಸಂಜೆ ಭಾವ ಬಂದು ನನ್ನ ಮಷಿನ್ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, "ಭಾವ, ಅವತ್ತು ಕೈ ಬಿಟ್ಟದ್ದು ನಾನು..." ಎಂದು ಶುರು ಮಾಡಿದೆ. "ಕನ್ನಡಿಯಲ್ಲಿ ನನಗೆ ಕಂಡಿತ್ತು ಮಾರಾಯ್ತಿ. ಅವಳು ನಿನ್ನ ಗುರ್ತ ಹಿಡಿದಳಲ್ಲ, ಅದೇ ದೊಡ್ಡದು" ಎಂದು ಎದ್ದು ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹೋದ ತಿಂಗಳು ಭಾವನೂ ಹೋದರು. ಕೊನೆಯ ವಾರ ಮಗಳು ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಇದ್ದಳಂತೆ. ಮೊನ್ನೆ ಮೇಲಿನ ಮನೆ ಖಾಲಿ ಮಾಡಿ ಬೀಗ ಹಾಕಿ ನನ್ನಲ್ಲಿಗೆ ಬಂದಳು. ಚಿಕ್ಕಂದಿನಿಂದಲೂ ಅವಳಿಗೆ ನಾನು ಮಾವಶಿ, ಅಂದರೆ ಚಿಕ್ಕಮ್ಮ. ನನ್ನ ಎರಡೂ ಕೈ ಹಿಡಿದುಕೊಂಡಳು.

"ಮಾವಶಿ, ಪಪ್ಪಾ ಹೇಳಿದ್ರು, ಲಾಸ್ಟ್ ತನಕ ಮಮ್ಮಿಯ ಕೈ ನೀವು ಬಿಡ್ಲೇ ಇಲ್ಲ ಅಂತ. ನನಗೆ ಗೊತ್ತೇ ಇರ್ಲಿಲ್ಲ. ಥ್ಯಾಂಕ್ಯೂ ಹಾ."

ನಾನು ಬಾಯಿ ತೆರೆದೆ. ಈಗಲಾದರೂ ಹೇಳಬೇಕಿತ್ತು, ತಡೆಯಲು ಭಾವನೂ ಇರಲಿಲ್ಲ.

"ಊಟ ಮಾಡಿಕೊಂಡು ಹೋಗು ಮಗಾ" ಎಂದೆ.