ಡ್ರೈವರಿಲ್ಲದ ಗಾಡಿಯ ಮೊದಲ ಬೋಣಿ

ಅಫಜಲಪುರದಿಂದ ಗಾಣಗಾಪುರದ ಕಡೆ ಹೋಗುವ ಟಂಟಂ ಆಟೋಗಳಿಗೆ ಬೆಳಗಿನ ಮೊದಲ ಸೀಟಾಗಿ ನಾನು ಬೇಡ. ಪೋಲಿಯೊದಿಂದ ಕಾಲು ಸೊರಗಿ ಊರುಗೋಲು ಹಿಡಿದವಳು ಮೊದಲು ಹತ್ತಿದರೆ ದಿನದ ಬೋಣಿ ಕೆಡುತ್ತದಂತೆ. "ಜರಾ ನಿಂದರ್ರಿ ಅಕ್ಕಾರ, ಮೊದಲ ಇನ್ನೊಂದು ಸೀಟ್ ಹತ್ತಲಿ," ಎನ್ನುತ್ತಾರೆ ಡ್ರೈವರುಗಳು. ಶಾಲೆಯ ಟೀಚರು ನಾನು. ನನಗಿಂತ ಮೊದಲು ಯಾರಾದರೂ ಬರಲಿ ಎಂದು ಇಪ್ಪತ್ತು ವರ್ಷ ರಸ್ತೆಬದಿಯಲ್ಲಿ ನಿಂತಿದ್ದೇನೆ.

ಹಾಗಾಗಿ ಡ್ರೈವರೇ ಇಲ್ಲದ ಗಾಡಿ ಎಂದಾಗ ನನ್ನಷ್ಟು ಹಿಗ್ಗಿದವರು ಇಡೀ ತಾಲ್ಲೂಕಿನಲ್ಲಿ ಇದ್ದಿರಲಿಕ್ಕಿಲ್ಲ. ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಅಂಗವಿಕಲರಿಗೆಂದೇ ಅದನ್ನು ಕಟ್ಟುತ್ತಿದ್ದಳು. ಮೂರು ಸಲ ಮನೆಗೆ ಬಂದು ನನ್ನ ಊರುಗೋಲಿನ ಎತ್ತರ, ನಾನು ಕಾಲು ಎತ್ತಬಲ್ಲಷ್ಟು ಮೆಟ್ಟಿಲು, ಕೂರುವಾಗ ಕೈಗೆ ಸಿಗಬೇಕಾದ ಹಿಡಿಕೆ, ಎಲ್ಲವನ್ನೂ ಟೇಪು ಹಿಡಿದು ಅಳೆದಳು. "ಮೊದಲ ಸವಾರಿ ನಿಮ್ದೇ ನೋಡ್ರಿ," ಎಂದಳು. ಆಳಂದದ ತಂಗಿಗೂ ಜೇವರ್ಗಿಯ ಅತ್ತಿಗೆಗೂ ಫೋನ್ ಮಾಡಿ ಹೇಳಿದೆ. ಸವಾರಿಯ ದಿನ ಹೊಸ ಸೀರೆ ಉಟ್ಟೆ.

ಕಾಲೇಜು ಮೈದಾನದಲ್ಲಿ ಗಾಡಿಗೆ ಹೂವಿನ ಹಾರ, ಗಾಲಿಯಡಿ ನಿಂಬೆಹಣ್ಣು. ಮುಖ್ಯ ಅತಿಥಿ ಒಬ್ಬ ದೊಡ್ಡ ವ್ಯಾಪಾರಿ. ಎಲ್ಲ ಜೀವವೂ ಒಂದೇ ಎಂದು ಅರ್ಧ ಗಂಟೆ ಕೊರೆದ. ನನ್ನನ್ನು ಒಳಗೆ ಕೂಡಿಸಿ ಫೋಟೋ ತೆಗೆದರು. ಇನ್ನೇನು ಹೊರಡುತ್ತದೆ ಎಂದು ನಾನು ಹಿಡಿಕೆ ಗಟ್ಟಿಯಾಗಿ ಹಿಡಿದೆ. ಅಷ್ಟರಲ್ಲಿ ಆತ ಪ್ರಿನ್ಸಿಪಾಲರ ಕಿವಿಯಲ್ಲಿ ಏನೋ ಉಸುರಿದ. ಅವರು ನನ್ನ ಬಳಿ ಬಂದರು.

"ಅಕ್ಕಾರ, ಜರಾ ಇಳೀರಿ. ಹೊಸಾ ಗಾಡಿ ಅದರಿ, ಮೊದಲ ಬೋಣಿ ಕೈಕಾಲು ನೆಟ್ಟಗಿದ್ದವ್ರಿಂದ ಆಗ್ಲಿ ಅಂತಾರ."

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ನನ್ನ ಕಾಲು ಅಳೆದು ಕಟ್ಟಿದ ಗಾಡಿಗೆ ನನ್ನ ಕಾಲೇ ಅಪಶಕುನವಾಯಿತು. ಗಾಡಿ ಹೊರಡಿಸುವುದು ಹುಡುಗಿಯ ಕೈಯಲ್ಲಿದ್ದ ಫೋನಿನಿಂದ. ಅವಳು ಅದನ್ನೇ ನೋಡುತ್ತ ನಿಂತಳು, ಒತ್ತಲಿಲ್ಲ.

ನಾನು ಇಳಿದೆ. ಇವತ್ತಿಗೂ ನನಗೆ ಎಲ್ಲಕ್ಕಿಂತ ಹೇಸಿಗೆಯಾಗುವುದು ಅದಕ್ಕೇ. ಬೈಯಲಿಲ್ಲ, ಕೂತಲ್ಲೇ ಕೂರಲೂ ಇಲ್ಲ. ರೂಢಿಯಾಗಿತ್ತಲ್ಲ, ನಗುನಗುತ್ತ ಇಳಿದೆ. ಆ ವ್ಯಾಪಾರಿ ನನ್ನ ಅಳತೆಯ ಹಿಡಿಕೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಬೀಸುತ್ತ ಮೈದಾನ ಸುತ್ತಿ ಬಂದ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ನನ್ನನ್ನು ಕರೆದರು. ಹೋಗಿ ಹತ್ತಿದೆ. ಆಸೆ ಅಷ್ಟಿತ್ತು, ಅದಕ್ಕೂ ನನಗೆ ನಾನೇ ಹೇಸಿಕೊಂಡೆ. ಗಾಡಿ ಮಾತ್ರ ಮೆತ್ತಗೆ ಹೊರಟಿತು, ಅಡ್ಡ ಬಂದ ನಾಯಿಯನ್ನು ಕಂಡು ನಿಂತಿತು, ಅದು ದಾಟಿದ ಮೇಲೆ ಮತ್ತೆ ನಡೆಯಿತು. ಇಳಿಯುವಾಗ ಹುಡುಗಿ ನನ್ನ ಮುಖ ನೋಡದೆ ಕೇಳಿದಳು, "ಹ್ಯಾಂಗನ್ನಿಸ್ತ್ರಿ? ಇದಕ್ಕ ಇನ್ನಾ ಏನರೇ ಕಲಿಸೋದು ಅದ ಏನ್ರಿ?"

"ಗಾಡಿ ಚಲೋ ಅದವ್ವಾ," ಎಂದೆ. "ಮಂದಿ ಕಾಲು ನೋಡೋದು ಇದಕ್ಕ ಇನ್ನಾ ಗೊತ್ತಿಲ್ಲ. ಅದೊಂದು ಕಲಿಸಬ್ಯಾಡ."